ಕುದುರೆಯ ಬೆಂಗಾವಲಿನವರು, ಕುದುರೆಯನ್ನು ಕಟ್ಟಿದವರು

ನಾವೆಲ್ ಎಂಬ ಪ್ರಕಾರಕ್ಕೆ ಕನ್ನಡಿಗರು ‘ಕಾದಂಬರಿ’ ಎನ್ನುತ್ತೇವೆ. ಮರಾಠಿಯಲ್ಲೂ ಇದೇ ಹೆಸರು. ಇದು ಬಂದದ್ದು 7ನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದಿಂದ. ಆ ಕಾವ್ಯವನ್ನು ಬಾಣ ಪೂರ್ತಿ ಮಾಡಲಿಲ್ಲ. ಅವನು ತೀರಿಕೊಂಡ ಮೇಲೆ ಉಳಿದರ್ಧವನ್ನು ಬರೆದವನು ಅವನ ಮಗ ಭೂಷಣಭಟ್ಟ. ಕಾವ್ಯ ಅರ್ಧಕ್ಕೆ ನಿಂತದ್ದರಿಂದ ಸಜ್ಜನರಿಗೆ ದುಃಖವಾಗಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ, ಕವಿತ್ವದ ಹೆಮ್ಮೆಯಿಂದಲ್ಲ ಎಂಬ ಅರ್ಥದ ಮಾತನ್ನು ಅವನು ತನ್ನ ಭಾಗದ ಮೊದಲಲ್ಲಿ ಹೇಳಿಕೊಂಡಿದ್ದಾನೆ. ಒಬ್ಬರು ತೊಡಗಿ ಇನ್ನೊಬ್ಬರು ಮುಗಿಸಿದ ಕೃತಿಯ ಹೆಸರನ್ನೇ ನಾವು ಒಂದು ಇಡೀ ಪ್ರಕಾರಕ್ಕೆ ಇಟ್ಟುಕೊಂಡಿದ್ದೇವೆ.

ಈ ಕಾವ್ಯದಲ್ಲಿ ಒಂದು ಕುದುರೆ ಇದೆ. ರಾಜಕುಮಾರ ಚಂದ್ರಾಪೀಡನ ಕುದುರೆ, ಹೆಸರು ಇಂದ್ರಾಯುಧ. ತಂದೆ ಬರೆದ ಭಾಗದಲ್ಲಿ ಅದು ಅದ್ಭುತವಾದೊಂದು ಪ್ರಾಣಿ. ಅದರ ಮೈಬಣ್ಣ, ವೇಗ, ತೇಜಸ್ಸುಗಳ ವರ್ಣನೆಯಲ್ಲಿ ಬಾಣ ಮೈಮರೆಯುತ್ತಾನೆ. ಆದರೆ ಆ ಕುದುರೆ ಯಾರು ಎಂಬುದು ಗೊತ್ತಾಗುವುದು ಮಗನ ಭಾಗದಲ್ಲಿ. ಚಂದ್ರಾಪೀಡ ಸತ್ತಾಗ ಪತ್ರಲೇಖೆ ಕುದುರೆಯೊಂದಿಗೆ ಅಚ್ಛೋದ ಸರೋವರಕ್ಕೆ ಹಾರುತ್ತಾಳೆ. ನೀರಿನಿಂದ ಕುದುರೆ ಮೇಲೆ ಬರುವುದಿಲ್ಲ, ಕಪಿಂಜಲನೆಂಬ ಮುನಿಕುಮಾರ ಬರುತ್ತಾನೆ. ಶಾಪದಿಂದ ಕುದುರೆಯಾಗಿದ್ದವನು ಅವನು. ತಂದೆ ಕುದುರೆಯ ಹೊರಗನ್ನು ಬಣ್ಣಿಸಿದ, ಮಗ ಅದರೊಳಗಿದ್ದ ಮನುಷ್ಯನನ್ನು ತೋರಿಸಿದ. ಮುಂದೆ ಒಂದನೆಯ ನಾಗವರ್ಮ ತಂದೆಮಕ್ಕಳಿಬ್ಬರ ಕತೆಯನ್ನೂ ಒಂದೇ ಕಾವ್ಯವಾಗಿ ಕನ್ನಡಕ್ಕೆ ತಂದ. ಅವನ ಕವಿತೆಗೆ ಮೆಚ್ಚಿ ಭೋಜರಾಜ ಕುದುರೆಗಳನ್ನೇ ಕೊಟ್ಟನೆಂಬ ಮಾತು ಸಾಹಿತ್ಯ ಚರಿತ್ರೆಯಲ್ಲಿದೆ.

ಇಷ್ಟನ್ನು ಮೊದಲೇ ಹೇಳಲು ಕಾರಣ, ಈಚೆಗೆ ಮನೆಯ ಮಕ್ಕಳೊಂದಿಗೆ ನಾನು ಓದಿದ ಒಂದು ಇಂಗ್ಲಿಷ್ ಮಾಲಿಕೆ. ಅಮೆರಿಕದ ವಾಲ್ಟರ್ ಫಾರ್ಲಿ ಬರೆದ ‘ದಿ ಬ್ಲ್ಯಾಕ್ ಸ್ಟಾಲಿಯನ್’ 1941ರಲ್ಲಿ ಬಂತು. ಅದು ಗೆದ್ದದ್ದರಿಂದ ಮುಂದಿನ ನಾಲ್ಕು ದಶಕಗಳಲ್ಲಿ ಅದೇ ಮಾಲಿಕೆಯ ಹಲವು ಪುಸ್ತಕಗಳು ಬಂದವು. 1989ರಲ್ಲಿ ಫಾರ್ಲಿ ತೀರಿಕೊಂಡರು. ಅದೇ ವರ್ಷ ‘ದಿ ಯಂಗ್ ಬ್ಲ್ಯಾಕ್ ಸ್ಟಾಲಿಯನ್’ ತಂದೆಮಕ್ಕಳಿಬ್ಬರ ಹೆಸರಲ್ಲಿ ಪ್ರಕಟವಾಯಿತು. ಆಮೇಲೆ ಮಗ ಸ್ಟೀವನ್ ಫಾರ್ಲಿ ಒಬ್ಬರೇ ಮಾಲಿಕೆಯನ್ನು ಬೆಳೆಸಿದರು. ಹೀಗೆ ಇದೂ ತಂದೆ ಬಿಟ್ಟುಹೋದ ಕುದುರೆಯನ್ನು ಮಗ ಹತ್ತಿದ ಕತೆ. ಬಾಣನ ಮಗನಿಗೆ ಸಾಧ್ಯವಾದದ್ದು ಫಾರ್ಲಿಯ ಮಗನಿಗೆ ಸಾಧ್ಯವಾಯಿತೇ ಎಂಬುದು ನನ್ನ ಪ್ರಶ್ನೆ.

ಮೊದಲ ಪುಸ್ತಕದ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಅಲೆಕ್ ರ್‍ಯಾಮ್ಸೆ ಎಂಬ ಹುಡುಗ ಭಾರತದಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ರಜೆ ಕಳೆದು ‘ಡ್ರೇಕ್’ ಎಂಬ ಹಡಗಿನಲ್ಲಿ ಊರಿಗೆ ಹೊರಟಿದ್ದಾನೆ. ಅರಬ್ ಬಂದರೊಂದರಲ್ಲಿ ಪಳಗದ ಕಪ್ಪು ಕುದುರೆಯನ್ನು ಹಡಗಿಗೆ ಹತ್ತಿಸುತ್ತಾರೆ. ಬಿರುಗಾಳಿಗೆ ಹಡಗು ಮುಳುಗುತ್ತದೆ. ಹುಡುಗನನ್ನು ಕುದುರೆಯೇ ಒಂದು ನಿರ್ಜನ ದ್ವೀಪಕ್ಕೆ ಎಳೆದು ತಲುಪಿಸುತ್ತದೆ. ಅಲ್ಲಿ ಇಬ್ಬರೂ ಕಡಲಪಾಚಿ ತಿಂದು ಬದುಕುತ್ತಾರೆ. ಲಗಾಮಿಲ್ಲ, ಜೀನಿಲ್ಲ, ಒಡೆಯನಿಲ್ಲ. ಹಸಿದ ಎರಡು ಜೀವಗಳು ಒಂದನ್ನೊಂದು ನಂಬಲು ಕಲಿಯುವ ಆ ಪುಟಗಳನ್ನು ಯಾವ ನಾಡಿನ ಮಗುವೂ ಉಸಿರು ಹಿಡಿದು ಓದೀತು. 1979ರ ಸಿನಿಮಾದಲ್ಲೂ ಜನರ ಮನಸ್ಸಿನಲ್ಲಿ ಉಳಿದದ್ದು ಈ ದ್ವೀಪದ ಭಾಗವೇ.

ಆದರೆ ಹಡಗು ಅರಬ್ ಬಂದರಿನಲ್ಲಿ ನಿಂತ ಆ ಕೆಲವು ಪುಟಗಳನ್ನು ಮುಸ್ಲಿಂ ಮನೆಯ ಮಗು ಬೇರೆ ರೀತಿಯಲ್ಲಿ ಓದುತ್ತದೆ. ಅಲ್ಲಿ ಅರಬರು ಕಾಣಿಸಿಕೊಳ್ಳುವುದು ಚಾವಟಿ, ಹಗ್ಗ, ಗದ್ದಲಗಳ ಜೊತೆಗೆ. ಕುದುರೆಯನ್ನು ಪ್ರೀತಿಸಲು ಅಮೆರಿಕದ ಹುಡುಗನೇ ಬರಬೇಕಾಯಿತು ಎಂಬ ಭಾವನೆ ಮೂಡುತ್ತದೆ. 1945ರ ‘ದಿ ಬ್ಲ್ಯಾಕ್ ಸ್ಟಾಲಿಯನ್ ರಿಟರ್ನ್ಸ್’ನಲ್ಲಿ ಫಾರ್ಲಿ ಇದನ್ನು ಸ್ವಲ್ಪ ತಿದ್ದಿಕೊಳ್ಳುತ್ತಾರೆ, ಕುದುರೆಯ ನಿಜವಾದ ಒಡೆಯನಾದ ಶೇಖ್ ಗೌರವದ ವ್ಯಕ್ತಿಯಾಗಿಯೇ ಬರುತ್ತಾನೆ. ಆದರೆ ಅಲ್ಲಿ ಕುದುರೆಯ ಮೂಲ ಹೆಸರು ‘ಶೈತಾನ್’ ಎಂದು ತಿಳಿಯುತ್ತದೆ. ಅರಬರ ಹಳೆಯ ಕಾವ್ಯದಲ್ಲಿ ಕುದುರೆಗೆ ಇರುವ ಸ್ಥಾನ ದೊಡ್ಡದು. ಕುರ್‌ಆನಿನ 100ನೆಯ ಅಧ್ಯಾಯ ಏದುಸಿರು ಬಿಡುತ್ತ ಓಡುವ ಕುದುರೆಗಳ ಮೇಲಿನ ಆಣೆಯಿಂದಲೇ ತೊಡಗುತ್ತದೆ. ಆ ನಾಡಿನವರು ತಮ್ಮ ಅತ್ಯುತ್ತಮ ಕುದುರೆಗೆ ಇಂಥ ಹೆಸರು ಇಟ್ಟಾರೇ? ಅದು ಕುದುರೆಯ ಹೆಸರೆಂದು ನನಗೆ ಅನ್ನಿಸುವುದಿಲ್ಲ, ಹೊರಗಿನಿಂದ ನೋಡಿದವರ ಅಂಜಿಕೆಯ ಹೆಸರು ಅನ್ನಿಸುತ್ತದೆ.

ಮಗನಿಗೆ ಒಂದು ಅವಕಾಶವಿತ್ತು. ‘ದಿ ಯಂಗ್ ಬ್ಲ್ಯಾಕ್ ಸ್ಟಾಲಿಯನ್’ ಹಡಗಿಗಿಂತ ಹಿಂದಿನ ಕತೆ. ಕುದುರೆ ಮರಿಯಾಗಿದ್ದಾಗಿನ ಅರೇಬಿಯಾದ ಬೆಟ್ಟಗಳ ಕತೆ. ಅಲ್ಲಿ ರಶೀದ್ ಎಂಬ ಬೆದೂಯಿನ್ ಹುಡುಗನಿದ್ದಾನೆ. ಅಲೆಕ್‌ಗಿಂತ ಮುಂಚೆ ಆ ಕುದುರೆಗೆ ಮರುಳಾದ ಇನ್ನೊಬ್ಬ ಹುಡುಗನಿದ್ದ ಎಂದು ಈ ಪುಸ್ತಕ ಹೇಳುತ್ತದೆ. ಮಾಲಿಕೆಯ ಒಳಗೆ ಇದು ಚಿಕ್ಕ ಸಂಗತಿಯಲ್ಲ. ಬಾಣನ ಮಗ ಕುದುರೆಯೊಳಗೆ ಕಪಿಂಜಲನನ್ನು ಕಂಡ ಹಾಗೆ, ಇಲ್ಲಿ ಕುದುರೆಯ ಹಿಂದೆ ಒಂದು ಊರು ಕಾಣುತ್ತದೆ. ಆದರೆ ಶೈತಾನ್ ಎಂಬ ಹೆಸರು ಹಾಗೆಯೇ ಉಳಿಯಿತು. ಮುಂದೆ ಮಗ ಒಬ್ಬರೇ ಬರೆದ 1996ರ ‘ದಿ ಬ್ಲ್ಯಾಕ್ ಸ್ಟಾಲಿಯನ್ಸ್ ಶ್ಯಾಡೊ’ ಮತ್ತೆ ಪಂದ್ಯದ ಮೈದಾನಕ್ಕೆ ಮರಳಿತು. ಅಲ್ಲಿ ಕುದುರೆ ನೆರಳಿಗೆ ಹೆದರುತ್ತದೆ. ಅಲೆಗ್ಸಾಂಡರನ ಕುದುರೆಯೂ ತನ್ನ ನೆರಳಿಗೆ ಬೆಚ್ಚುತ್ತಿತ್ತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಇಲ್ಲಿ ನನಗೆ ಬೇರೆಯೇ ನೆರಳು ಕಾಣುತ್ತದೆ, ತಂದೆಯ ನೆರಳು.

ಒಂದು ಸರಳ ಲೆಕ್ಕ ನೋಡಿ. ಕುದುರೆಯ ಆಯುಸ್ಸು ಸಾಮಾನ್ಯವಾಗಿ 25-30 ವರ್ಷ. 1941ರಲ್ಲೇ ಬಲಿತ ಈ ಕುದುರೆ 1996ರಲ್ಲೂ ಪಂದ್ಯ ಓಡುತ್ತಿದೆ! ಅಲೆಕ್‌ಗೂ ವಯಸ್ಸಾಗುವುದಿಲ್ಲ. ಓದುವ ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಅವರ ಮಕ್ಕಳೂ ಅದೇ ಪುಸ್ತಕ ಹಿಡಿಯುತ್ತಾರೆ. ಕುದುರೆ ಮಾತ್ರ ಇದ್ದ ಹಾಗೇ ಇರುತ್ತದೆ. ಮಾರಾಟವಾಗುವ ಮಾಲಿಕೆಗಳಿಗೆಲ್ಲ ಇದು ಅಂಟಿದ ರೋಗ. ಮಕ್ಕಳು ‘ಮುಂದೇನಾಯಿತು’ ಎಂದು ಕೇಳುತ್ತಾರೆ. ಮಾಲಿಕೆ ಅವರಿಗೆ ‘ಹಿಂದೆ ಆದದ್ದೇ ಮತ್ತೊಮ್ಮೆ’ ಎಂಬ ಉತ್ತರ ಕೊಡುತ್ತದೆ.

ಕತೆಯನ್ನು ಮುಂದುವರಿಸುವ ಇನ್ನೊಂದು ಬಗೆ ಯಾವುದು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮಗುವಿಗೆ ನಿಜವಾದ ಕುದುರೆ ಕಾಣಸಿಗುವುದು ಅಪರೂಪ. ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳ ಸೀಮೆಯಿದು. ಕೊಟ್ಟಿಗೆಯಲ್ಲಿರುವುದು ದನ, ಎಮ್ಮೆ. ಆದರೆ ಕತೆಯ ಕುದುರೆಗೆ ಇಲ್ಲಿ ಬರವಿಲ್ಲ. ಶಿರಸಿ ತಾಲೂಕಿನ ಸೋಂದೆಯಲ್ಲಿ ವಾದಿರಾಜರು ತಲೆಯ ಮೇಲೆ ಹೊತ್ತ ಕಡಲೆ ಬೆಲ್ಲದ ನೈವೇದ್ಯವನ್ನು ಹಯಗ್ರೀವ ದೇವರು ಕುದುರೆಯಾಗಿ ಬಂದು ತಿನ್ನುತ್ತಿದ್ದ ಐತಿಹ್ಯವಿದೆ. ಆ ಸಿಹಿಗೇ ಹಯಗ್ರೀವ ಎಂಬ ಹೆಸರು ನಿಂತಿದೆ. ಘಟ್ಟ ಇಳಿದರೆ ಭಟ್ಕಳ. ಅರಬ್ ಕುದುರೆಗಳು ಹಡಗಿನಿಂದ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದ ಬಂದರುಗಳಲ್ಲಿ ಅದೂ ಒಂದು. ಇನ್ನು ಮಳೆಗಾಲದ ತಾಳಮದ್ದಲೆ, ಬೇಸಗೆಯ ಬಯಲಾಟ. ಸುಧನ್ವಾರ್ಜುನ, ಬಭ್ರುವಾಹನ, ತಾಮ್ರಧ್ವಜ, ಲವಕುಶ - ಈ ಪ್ರಸಂಗಗಳೆಲ್ಲ ಒಂದು ಕುದುರೆ ಊರಿನೊಳಗೆ ಬಂತು, ಅದನ್ನು ಯಾರೋ ಕಟ್ಟಿದರು ಎಂಬಲ್ಲಿಂದ ಬೆಳೆಯುತ್ತವೆ. ನಮ್ಮ ಕಡೆಯ ಮಕ್ಕಳಿಗೆ ಅಶ್ವಮೇಧವೇ ಕುದುರೆಯ ಕತೆಯ ಮಾಲಿಕೆ.

ಈ ಮಾಲಿಕೆಯೂ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದದ್ದೇ. ಕುಮಾರವ್ಯಾಸ ಹತ್ತು ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಯುದ್ಧ ಮುಗಿಯಿತು, ಉಳಿದ ಕತೆ ಹಾಗೇ ಉಳಿಯಿತು. ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಮುಂದಿನ ಪರ್ವಗಳನ್ನು ಬರೆದು ಭಾರತವನ್ನು ಪೂರ್ತಿ ಮಾಡಿದ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ಇಟ್ಟುಕೊಂಡ. ಕಾವ್ಯಕ್ಕೆ ರಾಜನ ಹೆಸರಿಟ್ಟು ‘ಕೃಷ್ಣರಾಯ ಭಾರತ’ ಎಂದ. ಕೆಲಸ ಅಚ್ಚುಕಟ್ಟಾದದ್ದೇ. ಆದರೆ ಗಮಕಿಗಳ ನಾಲಿಗೆಯ ಮೇಲೆ ಉಳಿದದ್ದು ಕುಮಾರವ್ಯಾಸನ ಹತ್ತು ಪರ್ವಗಳು.

ಯುದ್ಧದ ನಂತರದ ಕತೆಯನ್ನು ಜನರ ಕತೆಯಾಗಿ ಮಾಡಿದವನು ದೇವನೂರಿನ ಲಕ್ಷ್ಮೀಶ. ಕುಮಾರವ್ಯಾಸನನ್ನು ಪೂರ್ಣಗೊಳಿಸುತ್ತೇನೆಂದು ಅವನು ಹೊರಟವನಲ್ಲ. ಅವನಿಗೆ ಜೈಮಿನಿಯ ಸಂಸ್ಕೃತ ಮೂಲವಿತ್ತು. ಛಂದಸ್ಸನ್ನೂ ಬದಲಿಸಿದ, ವಾರ್ಧಕ ಷಟ್ಪದಿ ಹಿಡಿದ. ಆದರೆ ಓದುವವರ, ಕೇಳುವವರ ಮಟ್ಟಿಗೆ ಗದುಗಿನ ಭಾರತದ ಮುಂದಿನ ಕತೆಯೆಂದರೆ ಅವನ 34 ಸಂಧಿಗಳ ‘ಜೈಮಿನಿ ಭಾರತ’ವೇ. ಬಂಧುಗಳನ್ನು ಕೊಂದ ದುಃಖದಲ್ಲಿರುವ ಧರ್ಮರಾಯ ಕುದುರೆ ಬಿಡುತ್ತಾನೆ. ಅದರ ಬೆಂಗಾವಲಿಗೆ ಹೊರಟವರಲ್ಲಿ ಸತ್ತ ಕರ್ಣನ ಮಗ ವೃಷಕೇತುವೂ ಇದ್ದಾನೆ. ಅಂದರೆ ಹಿಂದಿನ ಕತೆಯ ಗಾಯ ಇಲ್ಲಿ ಕುದುರೆಯ ಜೊತೆಗೇ ನಡೆಯುತ್ತಿದೆ. ಜೊತೆಗೆ ಈ ಕುದುರೆಗೆ ಗಡುವಿದೆ. ಅದು ಒಂದು ವರ್ಷ ತಿರುಗಿ ಬರಬೇಕು, ಬಂದ ಮೇಲೆ ಯಾಗದಲ್ಲಿ ಅದಕ್ಕೆ ಕೊನೆ. ಎಂದೂ ಮುದಿಯಾಗದ ಕಪ್ಪು ಕುದುರೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಲಕ್ಷ್ಮೀಶನ ಕುದುರೆ ಮತ್ತೆ ಮತ್ತೆ ಹೋಗಿ ನಿಲ್ಲುವುದು ತಂದೆಮಕ್ಕಳ ನಡುವೆ. ಯುದ್ಧಕ್ಕೆ ತಡವಾಗಿ ಬಂದನೆಂದು ಹಂಸಧ್ವಜ ಮಗ ಸುಧನ್ವನನ್ನು ಕುದಿಯುವ ಎಣ್ಣೆಗೆ ಹಾಕಿಸುತ್ತಾನೆ. ಬಭ್ರುವಾಹನ, ಕುದುರೆ ತನ್ನ ತಂದೆ ಅರ್ಜುನನದೆಂದು ತಿಳಿದೊಡನೆ ಕಾಣಿಕೆ ಹಿಡಿದು ಬರುತ್ತಾನೆ. ಅರ್ಜುನ ಅವನನ್ನು ಹೀನಾಯವಾಗಿ ಜರೆಯುತ್ತಾನೆ. ಕೊನೆಗೆ ಆ ಮಗನ ಕೈಯಲ್ಲೇ ತಲೆ ಕಳೆದುಕೊಳ್ಳುತ್ತಾನೆ. ಈ ಕತೆಯೊಳಗೇ, ಹೋಲಿಕೆಗೆಂದು, ಕವಿ ರಾಮ ಮತ್ತು ಲವಕುಶರ ಕತೆಯನ್ನು ತರುತ್ತಾನೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ‘ವೀರಲವ’ ಎಂಬ ಹೆಸರಿನಲ್ಲಿ ಸೇರಿ ರಾಜ್ಯದ ಮಕ್ಕಳೆಲ್ಲ ಓದಿದ ಭಾಗ ಇದು.

ಅದನ್ನು ನೆನಪಿಸಿಕೊಳ್ಳೋಣ. ವಾಲ್ಮೀಕಿ ವರುಣನ ಯಾಗಕ್ಕೆ ಹೋಗಿದ್ದಾನೆ. ತೋಟದ ಕಾವಲು ಲವನದು. ರಾಮನ ಯಾಗದ ಕುದುರೆ ತೋಟಕ್ಕೆ ನುಗ್ಗಿ ಹುಲ್ಲು ಮೇಯುತ್ತದೆ, ಹೂದೋಟ ತುಳಿಯುತ್ತದೆ. ಬಂದು ನೋಡಿದ ಲವ ಕುದುರೆಯ ಹಣೆಯ ಮೇಲಿನ ಪಟ್ಟಿಯ ಬರಹವನ್ನು ಓದುತ್ತಾನೆ. ಲೋಕಕ್ಕೆ ಒಬ್ಬನೇ ವೀರ ರಾಮ, ತಡೆಯಬಲ್ಲವರು ತಡೆಯಲಿ ಎಂಬ ಸವಾಲು ಅಲ್ಲಿದೆ. ಲವ ತನ್ನ ಉತ್ತರೀಯ ತೆಗೆದು ಕುದುರೆಯ ಕೊರಳಿಗೆ ಬಿಗಿದು ಬಾಳೆಗಿಡಕ್ಕೆ ಕಟ್ಟುತ್ತಾನೆ. ಜೊತೆಯ ಮುನಿಪುತ್ರರು ಅರಸರ ಕುದುರೆ, ಬೇಡ, ಬಿಟ್ಟುಬಿಡು ಎಂದು ನಡುಗುತ್ತಾರೆ. ತಾನು ಜಾನಕಿಯ ಮಗ, ಹೆದರುವುದಿಲ್ಲ ಎನ್ನುತ್ತಾನೆ ಅವನು. ಅವನಿಗೆ ಗೊತ್ತಿರುವುದು ತಾಯಿಯ ಹೆಸರೊಂದೇ. ಕುದುರೆ ತಂದೆಯದೆಂಬುದು ಗೊತ್ತಿಲ್ಲ.

ಪರರ ಕತೆಯನ್ನು ಮುಂದುವರಿಸುವವರ ಪಾಡು ಇಡಿಯಾಗಿ ಈ ದೃಶ್ಯದಲ್ಲಿದೆ ಎಂದು ನನಗೆ ತೋರುತ್ತದೆ. ಮೊದಲ ಲೇಖಕ ತನ್ನ ಹೆಸರು ಬರೆದು ಕುದುರೆ ಬಿಟ್ಟಿದ್ದಾನೆ. ಹಿಂದಿನಿಂದ ಬರುವವರಲ್ಲಿ ಕೆಲವರು ಬೆಂಗಾವಲಿನವರು. ಕುದುರೆ ಹೋದಲ್ಲಿಗೆ ಹೋಗುತ್ತಾರೆ, ಪಟ್ಟಿಯ ಬರಹಕ್ಕೆ ಮುಕ್ಕಾಗದಂತೆ ನೋಡಿಕೊಳ್ಳುತ್ತಾರೆ. ತಿಮ್ಮಣ್ಣ ಕವಿ ಅಂಥವನು. ಸ್ಟೀವನ್ ಫಾರ್ಲಿ ರಶೀದನ ಕತೆಯಲ್ಲಿ ಒಂದು ಗಳಿಗೆ ಕುದುರೆಯನ್ನು ಬೇರೆಯವರ ಅಂಗಳದಲ್ಲಿ ನಿಲ್ಲಿಸಿದರು, ಮತ್ತೆ ಬೆಂಗಾವಲಿಗೇ ಮರಳಿದರು. ಇನ್ನು ಕೆಲವರು ಲವನಂಥವರು. ಈ ಕುದುರೆ ನನ್ನ ತೋಟಕ್ಕೆ ಬಂದಿದೆ, ಇಲ್ಲಿ ಏನನ್ನು ತುಳಿದಿದೆ ಎಂದು ಮೊದಲು ಕೇಳುತ್ತೇನೆ ಎನ್ನುವವರು. ಲಕ್ಷ್ಮೀಶ ಈ ಬಗೆಯವನು. ಬಾಣನ ಮಗ ಹೆತ್ತವರ ಆಸ್ತಿಯನ್ನು ಕಾಯುತ್ತಲೇ ಕುದುರೆಯೊಳಗಿನ ಶಾಪವನ್ನು ಬಿಡಿಸಿದ್ದರಿಂದ ಅವನೂ ಇಲ್ಲಿಗೇ ಸೇರುತ್ತಾನೆ. ಅಂದಮೇಲೆ ರಕ್ತಸಂಬಂಧ ಅಡ್ಡಿಯೂ ಅಲ್ಲ, ಅರ್ಹತೆಯೂ ಅಲ್ಲ.

ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಇನ್ನೊಂದು ಕುದುರೆಯ ಪರಿಚಯವಿದೆ. ಅಮೀರ್ ಹಮ್ಜಾನ ದಾಸ್ತಾನಿನ ಅಶ್ಕರ್ ದೇವಜಾದ್, ಪರಿಗಳ ನಾಡಾದ ಕಾಫ್‌ನಲ್ಲಿ ಹುಟ್ಟಿದ ಮೂರು ಕಣ್ಣಿನ ಕುದುರೆ. ಈ ದಾಸ್ತಾನನ್ನು ಹೇಳಿದವರು ಎಷ್ಟೋ ಜನ. ಲಖ್ನೋದ ನವಲ್ ಕಿಶೋರ್ ಪ್ರೆಸ್ ಇದನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅದರೊಳಗಿನ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಮೊದಲ ನಾಲ್ಕು ಸಂಪುಟಗಳು 1883ರಿಂದ ಮುಹಮ್ಮದ್ ಹುಸೇನ್ ಜಾಹ್ ಅವರ ಲೇಖನಿಯಲ್ಲಿ ಬಂದವು. ಪ್ರೆಸ್ಸಿನೊಂದಿಗೆ ಅವರಿಗೆ ಸರಿಬರದೆ ಹೋದಾಗ 5ನೆಯ ಸಂಪುಟದಿಂದ ಅಹ್ಮದ್ ಹುಸೇನ್ ಖಮರ್ ಬರೆದರು. ಖಮರ್ ತಮ್ಮ ಸಂಪುಟಗಳಲ್ಲಿ ಜಾಹ್ ಅವರನ್ನು ಹಳಿಯಲು ಹಿಂಜರಿಯಲಿಲ್ಲ. ಮುಂದುವರಿಸುವವರಿಗೆ ಇದೂ ಒಂದು ಪಾಠ. ಕುದುರೆ ಕಟ್ಟಲು ಅದನ್ನು ಬಿಟ್ಟವನನ್ನು ಬೈಯಬೇಕಾಗಿಲ್ಲ. ಲವ ಸವಾಲನ್ನು ಸ್ವೀಕರಿಸಿದನೇ ಹೊರತು ಬಾಯಿಗೆ ಬಂದಂತೆ ಆಡಲಿಲ್ಲ.

ಈ ಮಾತು ಈಗ ಹೆಚ್ಚು ಮುಖ್ಯವಾಗಿದೆ. ಯಾವ ಕತೆ ಯಾರಿಗೆ ಸೇರಿದ್ದು, ಯಾರು ಯಾವುದನ್ನು ಮುಟ್ಟಬಹುದು ಎಂದು ಗೆರೆ ಎಳೆಯುವವರು ಎಲ್ಲ ಕಡೆಯೂ ಇದ್ದಾರೆ. ಮುಸ್ಲಿಂ ಹುಡುಗನೊಬ್ಬ ಜೈಮಿನಿಯ ಪದ್ಯವನ್ನು ರಾಗವಾಗಿ ಓದಿದರೆ ಮೆಚ್ಚಿ ತಲೆದೂಗುವವರ ನಡುವೆಯೇ ‘ಇವನಿಗೇಕೆ ಇದು’ ಎನ್ನುವವರು ಸಿಗುತ್ತಾರೆ. ಅವರು ಅವನ ಬೀದಿಯಲ್ಲೂ ಇರುತ್ತಾರೆ, ಪಕ್ಕದ ಬೀದಿಯಲ್ಲೂ ಇರುತ್ತಾರೆ. ಇಬ್ಬರ ದನಿಯೂ ಆ ಮುನಿಪುತ್ರರದೇ: ಬೇಡ, ಬಿಟ್ಟುಬಿಡು. ಆದರೆ ನಮ್ಮ ಕಡೆಯ ಕಲೆ ಬೇರೆ ದಾರಿಯಲ್ಲಿ ನಡೆದು ಬಂದಿದೆ. ತಾಳಮದ್ದಲೆಯಲ್ಲಿ ಪ್ರಸಂಗದ ಪದ ಮಾತ್ರ ಕವಿಯದು. ಅರ್ಥ ಅಂದಂದಿನ ಅರ್ಥಧಾರಿಯದು. ವೇಷವಿಲ್ಲ, ಕುದುರೆಯೂ ಇಲ್ಲ, ಮಾತೊಂದೇ. ಪ್ರತಿ ರಾತ್ರಿ ಯಾರೋ ಒಬ್ಬರು ಹಿಂದಿನವರ ಕತೆಯನ್ನು ತಮ್ಮ ಮಾತಿನಲ್ಲಿ ಮುಂದುವರಿಸುತ್ತಾರೆ. ಸಂಪಾಜೆಯ ಜಬ್ಬಾರ್ ಸಮೋ ಈ ಕಲೆಯಲ್ಲಿ ಹೆಸರಾದ ಅರ್ಥಧಾರಿ. ಅವರು ಪುರಾಣದ ಪಾತ್ರವಾಗಿ ವಾದಿಸುವಾಗ ಸಭೆ ಕೇಳುವುದು ವಾದದಲ್ಲಿ ಹುರುಳಿದೆಯೇ, ಕತೆಯನ್ನು ಬಲ್ಲರೇ ಎಂಬುದನ್ನು.

ಹಾಗೆಂದು ಹಕ್ಕು ಸುಮ್ಮನೆ ಬರುವುದಿಲ್ಲ. ಲವ ಮೊದಲು ಮಾಡಿದ್ದು ಪಟ್ಟಿಯನ್ನು ಓದಿದ್ದು, ಆಮೇಲೆ ಕಟ್ಟಿದ್ದು. ಈ ಕ್ರಮ ಮುಖ್ಯ. ಓದದೆ ಕಟ್ಟುವುದು ಕಳ್ಳತನವಾಗುತ್ತದೆ, ಓದಿಯೂ ಕಟ್ಟದಿದ್ದರೆ ಅದು ಬರೀ ಕಾವಲು. ವಾಲ್ಟರ್ ಫಾರ್ಲಿ ಅರೇಬಿಯಾದ ಕುದುರೆಯನ್ನು ಕಟ್ಟಿದರು; ಅದರ ಹಣೆಯ ಮೇಲೆ ಆ ನಾಡಿನವರು ಬರೆದದ್ದನ್ನು ಓದುವ ಗೋಜಿಗೆ ಹೋಗಲಿಲ್ಲ. ಕುದುರೆಗೆ ಶೈತಾನ್ ಎಂಬ ಹೆಸರು ಬಂದದ್ದು ಅದರಿಂದಲೇ.

ಆದರೂ ಈ ಮಾಲಿಕೆಯನ್ನು ಮಕ್ಕಳಿಂದ ದೂರ ಇಡಬಾರದು ಎಂಬುದೇ ನನ್ನ ಅಭಿಪ್ರಾಯ. ಮೊದಲನೆಯ ಪುಸ್ತಕವನ್ನೂ ರಶೀದನ ಪುಸ್ತಕವನ್ನೂ ಒಟ್ಟಿಗೆ ಕೊಡಬೇಕು, ನಡುವೆ ‘ವೀರಲವ’ವನ್ನು ಇಡಬೇಕು. ಡ್ರೇಕ್ ಹಡಗು ಭಾರತದ ತೀರ ಬಿಟ್ಟು ಅರೇಬಿಯಾಕ್ಕೆ ಹೋಯಿತೆಂದು ಫಾರ್ಲಿ ಬರೆದರು. ಅದಕ್ಕೂ ಶತಮಾನಗಳ ಮುಂಚೆ ಅರೇಬಿಯಾದ ಹಡಗುಗಳು ಕುದುರೆ ತುಂಬಿಕೊಂಡು ಭಟ್ಕಳಕ್ಕೆ ಬರುತ್ತಿದ್ದವು. ಅಂಥದೊಂದು ಹಡಗಿನಿಂದ ಇಳಿದ ಕಪ್ಪು ಕುದುರೆ, ಅದರ ಜೊತೆ ಬಂದ ರಶೀದನಂಥ ಹುಡುಗ, ಘಟ್ಟ ಹತ್ತುವ ದಾರಿಯಲ್ಲಿ ಅಡಿಕೆ ತೋಟಕ್ಕೆ ನುಗ್ಗಿದ ಕುದುರೆಯನ್ನು ಕಟ್ಟಿಹಾಕಿದ ಸಿದ್ದಾಪುರದ ಹುಡುಗಿ - ಇದನ್ನು ಇನ್ನೂ ಯಾರಾದರೂ ಬರೆಯಬೇಕಾಗಿದೆ. ಈ ಮೂರು ತಾಲೂಕುಗಳ ಯಾವುದಾದರೂ ಶಾಲೆಯ ಮಗು ತನ್ನ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಅದನ್ನು ತೊಡಗಿದರೆ, ಯಾರ ಕುದುರೆ ಇದು ಎಂದು ಕೇಳಿ ಅದರ ಕೈ ತಡೆಯುವುದು ಬೇಡ.